ಮೂರು ಕಣ್ಣಿನ ಒಗಟು

ಬೆಳ್ಮಣ್‌ನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿಗೆ ಕಣ್ಣು ಕಾಣುತ್ತಿರಲಿಲ್ಲ. ಅಂಗಳದಲ್ಲಿ ಹೆಜ್ಜೆ ಸದ್ದಾದರೆ ಅವರು ಯಾರೆಂದು ಕೇಳುತ್ತಿರಲಿಲ್ಲ, ಒಗಟು ಹಾಕುತ್ತಿದ್ದರು. ಎಲ್ಲರಿಗೂ ಒಂದೇ ಒಗಟು: "ಮೂರು ಕಣ್ಣುಂಟು, ದಾರಿ ಕಾಣುವುದಿಲ್ಲ. ಎಂತದು?" ತೆಂಗಿನಕಾಯಿ ಎಂದು ಊರಿಗೆಲ್ಲ ಗೊತ್ತಿತ್ತು. ಅವರಿಗೆ ಬೇಕಿದ್ದದ್ದು ಉತ್ತರವಲ್ಲ, ಸ್ವರ. ಸ್ವರ ಗುರುತಾದರೆ ಮಲ್ಲಿಗೆಯ ಬುಟ್ಟಿ ಸರಿಸಿ, "ಕೂತ್ಕೋ ಮಾರಾಯ" ಎನ್ನುತ್ತಿದ್ದರು.

ಮಣಿಪಾಲದಲ್ಲಿ ಗಂಟಲಿನ ಆಪರೇಷನ್ ಮುಗಿಸಿ ಬಂದ ಮರುದಿನ ಅವರಲ್ಲಿಗೆ ಹೋದೆ. ಜಗಲಿಯಲ್ಲಿ ಒಬ್ಬರೇ ಕೂತು ಹೂ ಕಟ್ಟುತ್ತಿದ್ದರು. ಒಗಟು ಬಂತು. ನಾನು ಬಾಯಿ ತೆರೆದರೆ ಉಸಿರು ಮಾತ್ರ ಹೊರಟಿತು. ಮತ್ತೆ ಕೇಳಿದರು. ಚಪ್ಪಾಳೆ ತಟ್ಟಿದೆ, ಹತ್ತಿರ ಹೋದೆ. ಅವರ ಕೈ ಬಾಳೆನಾರು ಬಿಟ್ಟು ಪಕ್ಕದಲ್ಲಿದ್ದ, ನಾರು ಕತ್ತರಿಸುವ ಕತ್ತಿ ಹಿಡಿಯಿತು.

"ಬೊಬ್ಬೆ ಹಾಕ್ತೇನೆ ನೋಡು" ಎಂದರು. ಆದರೆ ಅವರ ಸ್ವರವೂ ಮೇಲೇಳುತ್ತಿರಲಿಲ್ಲ. ನನಗೆ ಕತ್ತಿಗಿಂತ ಆ ಮುಖ ನೋಡಿಯೇ ಹೆದರಿಕೆಯಾಯಿತು. ಅಲ್ಲಿದ್ದ ಭಯ ನಾನು ತಂದದ್ದು.

ಮೂಲೆಯಲ್ಲಿದ್ದ ಸುಲಿದ ಕಾಯಿಯೊಂದನ್ನು ಅವರ ಕಾಲಿನ ಕಡೆಗೆ ಉರುಳಿಸಿದೆ. ಕತ್ತಿ ಬಿಡದೆ, ಇನ್ನೊಂದು ಕೈಯಿಂದ ಅದನ್ನು ತಡವಿದರು. ಬೆರಳುಗಳು ಅದರ ಮೂರು ಕಣ್ಣುಗಳನ್ನು ಹುಡುಕಿ ಅಲ್ಲೇ ನಿಂತವು. ಆಮೇಲೆ ಕತ್ತಿ ಕೆಳಗಿಟ್ಟು, ಹತ್ತಿರ ಬಂದು ಬಗ್ಗಿದ ನನ್ನ ಮುಖ ಮುಟ್ಟಿದರು, ಗಂಟಲಿನ ಬ್ಯಾಂಡೇಜ್ ಮುಟ್ಟಿದರು.

"ಓ, ಆಪರೇಷನ್ ಆದವ ನೀನಾ ಮಗಾ."

ಕೈ ಹಿಡಿದು ಕೂರಿಸಿಕೊಂಡರು.

"ಕಾಯಿ ಯಾರು ಬೇಕಾದ್ರೂ ಉರುಳಿಸಬಹುದು, ನಾಳೆ ಬರುವವ ನೀನೇ ಆಗ್ಬೇಕಂತ ಇಲ್ಲ, ಅಲ್ವಾ?" ಎಂದರು ಆಮೇಲೆ. ಕೆಳಗಿಟ್ಟಿದ್ದ ಕತ್ತಿಯನ್ನು ಮೆಲ್ಲನೆ ತಮ್ಮ ಬಳಿಗೆ ಎಳೆದುಕೊಂಡರು.