ಹಗಲು ಮಲಗುವ ಶಿವಪುತ್ರ
ನಮ್ಮ ದೊಮ್ಮಲೂರಿನ ವಠಾರದಲ್ಲಿ ಗೋಡೆಯಾಚೆಯ ಕೋಣೆ ಶಿವಪುತ್ರನದು. ಇಂದಿರಾನಗರದ ಪಬ್ಬೊಂದರ ಬಾಗಿಲಲ್ಲಿ ರಾತ್ರಿಯಿಡೀ ಕೈಕಟ್ಟಿ ನಿಲ್ಲುವ ಬೌನ್ಸರ್ ಅವನು. ಅಲ್ಲಿ ಕಣ್ಣು ಮುಚ್ಚಿದರೆ ಕೆಲಸ ಹೋಯಿತು, ಹಾಗಾಗಿ ನಿದ್ದೆಯೆಲ್ಲ ಹಗಲಿಗೆ. ಎದುರಿನ ಹಳೇ ಮನೆ ಒಡೆದು ಇನ್ನೊಂದು ಪಬ್ ಕಟ್ಟುತ್ತಿದ್ದಾರೆ. ಡ್ರಿಲ್ಲಿಂಗ್ ಮಷೀನು ನಮ್ಮ ಪಾತ್ರೆಗಳನ್ನೆಲ್ಲ ಕುಣಿಸಿದರೂ ಅವನ ಗೊರಕೆ ನಿಲ್ಲುವುದಿಲ್ಲ. ನನಗೆ ಭಯವಿರುವುದು ಮಗಳ ಅಳುವಿನದು. ಅವಳು ಬಾಯಿ ತೆರೆದರೆ ಸಾಕು, ಎತ್ತಿಕೊಂಡು ಟೆರೇಸಿಗೆ ಓಡುತ್ತೇನೆ. "ಅಳ್ಲಿ ಬಿಡ್ರಿ ಅಕ್ಕಾರ, ಊರಾಗ ನಮ್ಮ ಕೂಸೂ ಹಿಂಗೇ ಅಳ್ತದಂತ" ಎನ್ನುತ್ತಾನೆ. ಇವತ್ತು ಚುಚ್ಚುಮದ್ದು ಹಾಕಿಸಿ ಬಂದ ಮೇಲೆ ಮಗಳು ಮಧ್ಯಾಹ್ನವೆಲ್ಲ ಸದ್ದಿಲ್ಲದೆ ಮಲಗಿದ್ದಳು. ಮೂರು ಗಂಟೆಗೆ ಯಾರೋ ಬಾಗಿಲು ತಟ್ಟಿದರು. ತೆರೆದರೆ, ಕೆಂಪಾದ ಕಣ್ಣು ಉಜ್ಜಿಕೊಳ್ಳುತ್ತ ಶಿವಪುತ್ರ. "ಎಚ್ಚರಾಗಿಬಿಡ್ತು ಅಕ್ಕಾರ. ಕೂಸಿನ ದನೀನೇ ಇಲ್ಲ. ಆರಾಮ ಅದಾಳಲ್ರಿ?"