ಇದು ಟೋಪಿಯಲ್ಲ

ಮೇಲಧಿಕಾರಿಯನ್ನು ಮೆಚ್ಚಿಸಲು ನಾನು ಡಚ್ ಕಲಿತೆ ಎಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ. ಬೇರೆ ಯಾರದೋ ಡಚ್ ಕಲಿತೆ ಎಂಬುದಷ್ಟೇ ನಾಚಿಕೆ.

ಅರಬರ ನಾಡಿನ ಅಲ್ ಕೂಜ್‌ನಲ್ಲಿ ನೀರಿನ ಪಂಪು ಮಾರುವ ನಮ್ಮ ಕಂಪನಿಗೆ ಮ್ಯಾನೇಜರಾಗಿ ಬಂದವರು ಬೆಲ್ಜಿಯಮ್ಮಿನ ಕೂನ್. ಅವರ ಮನೆಮಾತು ಡಚ್ ಎಂದು ತಿಳಿದದ್ದೇ ಮೊಬೈಲಿನಲ್ಲಿ ಪಾಠ ಶುರುಮಾಡಿದೆ. ಅಲ್ಲಿಯ ‘ಗ’ ನಮ್ಮ ಗ ಅಲ್ಲ. ಖಲಾಸ್ ಎನ್ನುವಾಗ ಅರಬರು ಗಂಟಲಿನಿಂದ ತೆಗೆಯುವ ‘ಖ’. ಅದನ್ನು ಹೇಳಿಕೊಟ್ಟವನು ಗೋದಾಮಿನ ಹಮೀದ್, ಉಳ್ಳಾಲದ ಬ್ಯಾರಿ. "ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದ್ರೆ ಹೇಗೆ ತೆಗಿತೀರಿ ಮಾರಾಯ್ರೆ? ಅದೇ ಸ್ವರ," ಎಂದ. ಉಡುಪಿಯವನಿಗೆ ಇದಕ್ಕಿಂತ ಒಳ್ಳೆಯ ವ್ಯಾಕರಣ ಬೇಕೆ? ಮೂರು ತಿಂಗಳು ಬಚ್ಚಲಲ್ಲಿ ಸಾಧನೆ ಮಾಡಿದೆ. ಹೆಂಡತಿ ಏನೂ ಕೇಳದೆ ಶುಂಠಿ ಕಷಾಯ ಕುದಿಸಿಟ್ಟಳು.

ಒಂದು ಬೆಳಿಗ್ಗೆ ಕೂನ್ ಎದುರು ನಿಂತು "ಖುದೆ ಮೋರ್ಖೆನ್" ಎಂದು ಶುಭೋದಯ ಹೇಳಿದೆ. ಅವರು ಒಂದು ಹೆಜ್ಜೆ ಹಿಂದೆ ಸರಿದರು.

"ಚೆನ್ನಾಗಿದೆ. ಆದರೆ ಅದು ಹಾಲೆಂಡಿನವರ ಉಚ್ಚಾರ," ಎಂದರು. "ನಾನು ಬೆಲ್ಜಿಯಮ್ಮಿನ ಪಶ್ಚಿಮ ಫ್ಲಾಂಡರ್ಸಿನವನು. ನಮ್ಮಲ್ಲಿ ಗ ಇರುವಲ್ಲೆಲ್ಲ ಹ. ಒಳ್ಳೆಯದು ಅನ್ನಲು ಅವರು ‘ಖುತ್’ ಎಂದರೆ ನಾವು ‘ಹುತ್’. ಅವರ ಕಿವಿಗೆ ಹುತ್ ಎಂದರೆ ಟೋಪಿ."

ಇವರ ಕಡೆಯವರು ಟಿವಿಯಲ್ಲಿ ಮಾತಾಡಿದರೆ ಅದೇ ದೇಶದವರಿಗಾಗಿ ಕೆಳಗೆ ಅಕ್ಷರ ಹಾಕುತ್ತಾರಂತೆ. ನನಗೆ ಆಶ್ಚರ್ಯವಾಗಲಿಲ್ಲ. ಹಳೆಗನ್ನಡದ ಪಾಲು, ಪುಲಿಗಳನ್ನು ಹಾಲು, ಹುಲಿ ಮಾಡಿದವರೇ ನಾವಲ್ಲವೆ? ಮನೆಯಲ್ಲಿ ತುಳುವಾಡುವ ನಾನಂತೂ ಇನ್ನೂ ಪೇರ್, ಪಿಲಿ ಎನ್ನುತ್ತ ಆ ಪಕಾರವನ್ನು ಕಾಯ್ದುಕೊಂಡು ಕುಳಿತಿದ್ದೇನೆ.

ಚಳಿಗಾಲದಲ್ಲಿ ಕೂನ್ ಅವರ ತಾಯಿ ಮಾರಿಯಾ ಬಂದರು. ಎಂಬತ್ತು ದಾಟಿದ ಅವರಿಗೆ ತಮ್ಮೂರಿನ ಮಾತೊಂದೇ ಗೊತ್ತು. ಮಗ ದೂರದ ಬನಿಯಾಸ್‌ಗೆ ಕೆಲಸದ ಮೇಲೆ ಹೋಗಿದ್ದ ದಿನವೇ ಅವರಿಗೆ ಹಲ್ಲುನೋವು ಬಂತು. ಕೂನ್ ಫೋನ್ ಮಾಡಿ, "ನೀವು ಡಚ್ ಕಲಿತಿದ್ದೀರಲ್ಲ," ಎಂದರು. ವಿದ್ಯೆ ಮನುಷ್ಯನನ್ನು ಹೀಗೆಯೇ ಸಿಕ್ಕಿಹಾಕಿಸುವುದು.

ಊದ್ ಮೇಥಾದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಈಜಿಪ್ಟಿನ ಡಾಕ್ಟರು ಹಲ್ಲು ನೋಡಿ, ಒಂದು ಮಾತ್ರೆಯ ಪೊಟ್ಟಣ ತೋರಿಸಿ, ಭಾಷಾಂತರಿಸುವ ಫೋನನ್ನು ಮಾರಿಯಾರ ಮುಂದೆ ಹಿಡಿದರು. ಆಕೆ ಪೊಟ್ಟಣವನ್ನು ದೂರ ತಳ್ಳಿ, "ದಾಸ್ ನಿ ಹುತ್," ಎಂದರು.

"ಇದು ಟೋಪಿಯಲ್ಲ," ಎಂದಿತು ಫೋನು, ಇಂಗ್ಲಿಷಿನಲ್ಲಿ.

"ಅಲ್ಲಮ್ಮ, ಮಾತ್ರೆ," ಎಂದರು ಡಾಕ್ಟರು.

ಆಕೆ ಧ್ವನಿ ಏರಿಸಿದರು. ಫೋನು ಮತ್ತೆ ಟೋಪಿಯಲ್ಲವೆಂದಿತು. ಡಾಕ್ಟರು ನನ್ನತ್ತ ಬಾಗಿ, "ಮರೆವಿನ ತೊಂದರೆ ಬಹಳ ದಿನದಿಂದ ಇದೆಯೆ?" ಎಂದು ಮೆಲ್ಲಗೆ ಕೇಳಿದರು. ನನಗೆ ಆಗ ಹೊಳೆಯಿತು.

"ಸ್ವಲ್ಪ ನಿಲ್ಲಿ ಡಾಕ್ಟರೇ. ಇವರ ಕಡೆ ಟೋಪಿ ಅಂದರೆ ಒಳ್ಳೆಯದು. ಈ ಮಾತ್ರೆ ತನಗೆ ಆಗುವುದಿಲ್ಲ ಅನ್ನುತ್ತಿದ್ದಾರೆ."

ಕೂನ್‌ಗೆ ಫೋನ್ ಮಾಡಿ ಮಾತ್ರೆಯ ಹೆಸರು ಓದಿದೆ. "ಪೆನಿಸಿಲಿನ್ ಜಾತಿಯದು. ಬೇಡ, ಕೊಡಬೇಡಿ. ಹಿಂದೊಮ್ಮೆ ತಗೊಂಡು ಮುಖ ಊದಿ ಉಸಿರೇ ಕಟ್ಟಿತ್ತು," ಎಂದರು. ಡಾಕ್ಟರು ಔಷಧ ಬದಲಿಸಿ, ಮಾರಿಯಾರ ಕೈ ಹಿಡಿದು ಕ್ಷಮೆ ಕೇಳಿದರು.

ವಾಪಸು ಬರುವಾಗ ಕಾರಿನಲ್ಲಿ ಆಕೆ ಎಡೆಬಿಡದೆ ಮಾತಾಡಿದರು. ನನ್ನ ಡಚ್ ಖಲಾಸಾಗಿತ್ತು. ಸುಮ್ಮನಿರುವುದು ಮರ್ಯಾದೆಯಲ್ಲವೆಂದು ತುಳುವಿನಲ್ಲೇ ಉತ್ತರ ಕೊಡುತ್ತ ಹೋದೆ. ಸಿಗ್ನಲ್ಲಿನಲ್ಲಿ ಮಗಳ ಫೋಟೋ ತೋರಿಸಿ, ನಾನು ತುಳುವಿನಲ್ಲಿ ಏನು ಕೇಳಿದರೂ ಇವಳು ಇಂಗ್ಲಿಷಿನಲ್ಲೇ ಹೇಳುತ್ತಾಳೆಂದು ದೂರು ಕೊಟ್ಟೆ. ಆಕೆ ನಿಟ್ಟುಸಿರು ಬಿಟ್ಟು ನನ್ನ ಮೊಣಕೈ ತಟ್ಟಿದರು.

ಮರುದಿನ ಕೂನ್ ನನ್ನ ಮೇಜಿನ ಬಳಿ ಬಂದು ಕುಳಿತರು. "ಅಮ್ಮನ ಜೊತೆ ಯಾವ ಭಾಷೆಯಲ್ಲಿ ಮಾತಾಡಿದಿರಿ? ನಿಮ್ಮ ಡಚ್ ಬಹಳ ಸುಧಾರಿಸಿದೆಯಂತೆ. ನಿಮ್ಮ ಮಗಳು ಮನೆಮಾತಿನಲ್ಲಿ ಉತ್ತರ ಕೊಡುವುದಿಲ್ಲವಂತೆ, ಹೌದೆ?"

ಹೌದೆಂದೆ. ಅವರು ತಲೆ ಕೆರೆದುಕೊಂಡು, "ಅದನ್ನು ಹೇಳಿ, ನನ್ನ ಮಕ್ಕಳೂ ಹಾಗೆಯೇ ಅಂತ ನನಗೂ ಒಂದು ಗಂಟೆ ಬೈದರು," ಎಂದರು.