ಗೋಡೆಯಣ್ಣ ಬಿಡಗೊಡದ ಸಾಲು

ಗೋಡೆಯಣ್ಣ ತೀರಿಕೊಂಡು ಹದಿನೇಳು ದಿನವಾಯಿತು. ಅವನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದು ಅವನ ಹೆಂಡತಿ ಕೇಳಿದ್ದಾಳೆ. ನಲವತ್ತು ವರ್ಷ ಅವನನ್ನು ಕಂಡು ನನಗೆ ಹೊಟ್ಟೆಕಿಚ್ಚಿತ್ತು. ಅದನ್ನು ಬಿಟ್ಟು ಬರೆಯಲು ನನಗೆ ಬರುವುದಿಲ್ಲ.

ನಾವಿಬ್ಬರೂ ಒಂದೇ ಪ್ರಾರ್ಥನಾ ಮಂದಿರದ ಮಕ್ಕಳು. ಅವನಪ್ಪ ಅಲ್ಲಿಯ ಹಿರಿಯ, ನನ್ನಪ್ಪ ಆ ಹಿರಿಯನ ಬಲಗೈ. ಮುಖ ನೋಡಿಕೊಂಡವನು ದೇವರನ್ನು ಮರೆಯುತ್ತಾನೆಂದು ನಮ್ಮ ಮನೆಗಳಲ್ಲಿ ಕನ್ನಡಿ ಇಡುತ್ತಿರಲಿಲ್ಲ. ಬೈತಲೆ ನೆಟ್ಟಗಿದೆಯೇ ಎಂದು ಅಕ್ಕ ತಂಗಿಯನ್ನು ಕೇಳಬೇಕು, ತಂಗಿ ಅಕ್ಕನನ್ನು.

ನಾನು ಇಪ್ಪತ್ತೆರಡಕ್ಕೆ ಹೊರಬಿದ್ದೆ. ಪುಸ್ತಕ ಓದಿ, ವಾದ ಮಾಡಿ, ದೇವರನ್ನೂ ಅಪ್ಪನನ್ನೂ ಒಂದೇ ದಿನ ಬಿಟ್ಟೆ. ಅವನು ಮರುವರ್ಷ ಹೊರಬಂದ, ಕ್ಷೌರದಂಗಡಿ ಇಡಲು. ಅಂಗಡಿಗೆ ಕನ್ನಡಿ ಬೇಕು, ಕನ್ನಡಿ ಇಟ್ಟವನಿಗೆ ಮಂದಿರದಲ್ಲಿ ಜಾಗವಿಲ್ಲ. ಜಗಳ ಅಷ್ಟೇ. ಆದರೆ ಊರು ಬಿಡುವವನು ಹಾಸಿಗೆ ಸುತ್ತಿಕೊಂಡು ಬರುವಂತೆ ಅವನು ದೇವರನ್ನೂ ಕಂಕುಳಲ್ಲಿಟ್ಟುಕೊಂಡೇ ಬಂದಿದ್ದ.

ಅಂಗಡಿ ತೆರೆದ ದಿನ ಹೋಗಿ ನೋಡಿದರೆ ಆಳೆತ್ತರದ ಕನ್ನಡಿ ಬಾಗಿಲ ಪಕ್ಕದಲ್ಲಿತ್ತು. ಕುರ್ಚಿ ಬೋಳು ಗೋಡೆಗೆ ಮುಖ ಮಾಡಿತ್ತು. ಕೆಲಸ ಮುಗಿದ ಮೇಲೆ, ಹೊರಡುವಾಗ, ಒಮ್ಮೆ ನೋಡಿಕೊಳ್ಳಲಿ ಎಂದು ಅವನ ಎಣಿಕೆ. ಕತ್ತರಿ ಆಡುವಷ್ಟು ಹೊತ್ತೂ ಜನ ತಮ್ಮ ಮುಖವನ್ನೇ ನೋಡುತ್ತ ಕೂರುತ್ತಾರೆಂದು ಅವನಿಗೆ ಹೊಳೆದೇ ಇರಲಿಲ್ಲ. ಎದುರಂಗಡಿಯ ದರ್ಜಿ, "ಏನಪ್ಪಾ, ಗೋಡೆಗೂ ಕ್ಷೌರ ಮಾಡ್ತೀಯಾ?" ಅಂದ. ವಾರದೊಳಗೆ ಕನ್ನಡಿ ಜಾಗ ಬದಲಿಸಿತು. ಗೋಡೆಯಣ್ಣ ಎಂಬ ಹೆಸರು ಮಾತ್ರ ಉಳಿಯಿತು.

ದಿನಾ ಬೆಳಿಗ್ಗೆ ಷಟರ್ ಎತ್ತುವ ಮೊದಲು ಬೀದಿಯಲ್ಲೇ ನಿಂತು ಕಣ್ಣು ಮುಚ್ಚಿ ಪ್ರಾರ್ಥನೆ ಹೇಳುತ್ತಿದ್ದ. ಅವನ ಒಂದೇ ಮಗು ಜ್ವರದಲ್ಲಿ ಹೋಯಿತು. ಆ ವಾರ ನಾನು ದರ್ಜಿಯ ಅಂಗಡಿಯ ಮೆಟ್ಟಿಲ ಮೇಲೆ ಕೂತು ಕಾದೆ. ಇವತ್ತಾದರೂ ನಿಲ್ಲಿಸುತ್ತಾನೆ, ನನಗೂ ಒಬ್ಬ ಜೊತೆಗಾರ ಸಿಗುತ್ತಾನೆ ಎಂದು ಕಾದೆ. ಇದಕ್ಕಿಂತ ನೀಚವಾದ ಕೆಲಸ ನಾನು ಇನ್ನೊಂದು ಮಾಡಿಲ್ಲ. ಅವನು ಬಂದ, ಅಳುತ್ತಲೇ ಪೂರ್ತಿ ಹೇಳಿದ, ಷಟರ್ ಎತ್ತಿದ.

ಇನ್ನೂ ಹೇಗೆ ನಂಬುತ್ತೀಯ ಎಂದು ಕೇಳಿಯೇಬಿಟ್ಟೆ.

"ದೇವರು ಅಂದ್ರೆ ನಿನಗೆ ಅಪ್ಪ ಹೊಡೆದಿದ್ದು ನೆನಪಾಗುತ್ತೆ. ನನಗೆ, ಹೊಡೆದಾದ ಮೇಲೆ ಅಪ್ಪ ಪಕ್ಕದಲ್ಲೇ ಮಂಡಿಯೂರಿ ಕೂರ್ತಿದ್ದದ್ದು ನೆನಪಾಗುತ್ತೆ ಕಣೋ."

ನನ್ನಪ್ಪ ಕೂತಿರಲಿಲ್ಲ.

ಕಳೆದ ವರ್ಷ ಗಂಟಲಿನ ರೋಗ ಅವನ ದನಿಯನ್ನು ತಿಂದಿತು. ಹೆಂಡತಿ ಹೊರಗಿನವಳು, ಪ್ರಾರ್ಥನೆ ಬಾರದು. ಹೋದ ತಿಂಗಳು ಒಂದು ಮಧ್ಯಾಹ್ನ ಸ್ಲೇಟಿನ ಮೇಲೆ "ನೀನು ಹೇಳು" ಎಂದು ಬರೆದು ನನ್ನತ್ತ ಹಿಡಿದ.

"ನಿನ್ನ ದೇವರಿಗೆ ಮನಸ್ಸಲ್ಲಿ ಹೇಳಿದ್ರೆ ಕೇಳಿಸಲ್ವಾ?" ಎಂದು ಎದ್ದು ಬಂದೆ. ಎರಡು ದಿನ ಆ ಕಡೆ ತಲೆಹಾಕಲಿಲ್ಲ.

ಮೂರನೆಯ ದಿನ ಅವನ ಹೆಂಡತಿ ನಾನು ಕೆಲಸ ಮಾಡುವ ಗ್ರಂಥಾಲಯಕ್ಕೇ ಬಂದಳು. "ದೇವರಿಗೆ ಕೇಳಿಸುತ್ತಂತೆ ಅಣ್ಣ. ಅವರಿಗೆ ಕೇಳಿಸ್ಬೇಕಂತೆ."

ಹೋಗಿ ಮಂಚದ ಪಕ್ಕ ಕೂತು ಹೇಳಿದೆ. ನಲವತ್ತು ವರ್ಷ ಬಾಯಿಗೆ ತಾರದ ಮಾತುಗಳು ನೀರು ಕುಡಿದಷ್ಟು ಸಲೀಸಾಗಿ ಬಂದವು. ನಡುವೆ ಒಂದು ಸಾಲಿದೆ: ನಿನ್ನ ಮನೆಯನ್ನು ಬಿಟ್ಟುಹೋದವನಿಗೆ ಬಾಗಿಲು ತೆರೆಯದಿರು. ಸಾಯುವವನಿಗೆ ಅದೇಕೆ ಎಂದು ಹಾರಿಸಿದೆ. ಅವನು ಬೆರಳೆತ್ತಿದ. ನಮ್ಮ ಮನೆಗಳಲ್ಲಿ ಸಾಲು ತಪ್ಪಿದರೆ ಹಿರಿಯರು ಹಾಗೆಯೇ ಬೆರಳೆತ್ತುತ್ತಿದ್ದರು. ಮತ್ತೆ ಮೊದಲಿಂದ ಹೇಳಬೇಕು. ಸ್ಲೇಟಿನಲ್ಲಿ ಬರೆದ: "ಬೈಗುಳನೂ ಇರ್ಲಿ."

ಅರವತ್ತೆರಡರ ನಾಸ್ತಿಕ ನಾನು, ಮೊದಲಿಂದ ಶುರು ಮಾಡಿದೆ. ಆ ಸಾಲು ಬಂದಾಗ ಅವನ ಮುಖದಲ್ಲಿ ನಗು ಮೂಡಿತು, ಅಡಿಗೆಮನೆಯಿಂದ ಅಜ್ಜಿಯ ಗೊಣಗಾಟ ಕೇಳಿದವನಂತೆ. ನಾನು ಬೈಗುಳಕ್ಕೆ ಹೆದರಿ ಮನೆಯನ್ನೇ ಬಿಟ್ಟಿದ್ದೆ. ಅವನು ಬೈಗುಳವನ್ನೂ ಹೊತ್ತುಕೊಂಡು ಬಂದಿದ್ದ. ಮುಗಿಯುವ ಮೊದಲೇ ನಿದ್ದೆ ಹೋದ.

ಅವನು ಹೋಗುವವರೆಗೆ ಹನ್ನೊಂದು ದಿನ ಹಾಗೆಯೇ ನಡೆಯಿತು. ನನ್ನ ಬಾಯಿಂದ ಬಂದ ಮಾತಿಗೆ ಅವನಿಗೆ ನಿದ್ದೆ ಬರುತ್ತಿತ್ತು, ನಾನು ಎಚ್ಚರವಾಗಿ ಕೂತು ಅವನ ಮುಖ ನೋಡುತ್ತಿದ್ದೆ.

ನಿನ್ನೆ ನನ್ನ ಕೋಣೆಯಲ್ಲಿ ಒಬ್ಬನೇ ಹೇಳಿ ನೋಡಿದೆ. ಒಂದು ಅಕ್ಷರವೂ ತಪ್ಪಲಿಲ್ಲ. ಏನೂ ಆಗಲಿಲ್ಲ.